ಹಿಂಡಿಗೆ ಎಣ್ಣೆ ಬೆರೆಸಿದರೆ ಹಾಲಿನ ಫ್ಯಾಟ್ ಏರುತ್ತದಾ?

ಬೆಳಿಗ್ಗೆ ಹಾಲಿನ ಸೊಸೈಟಿಯ ಜಗಲಿಯಲ್ಲಿ ಕ್ಯಾನು ಹಿಡಿದು ನಿಂತವರ ಬಾಯಲ್ಲಿ ಮಳೆಯ ಸುದ್ದಿ ಬಿಟ್ಟರೆ ಹೆಚ್ಚು ಕೇಳುವುದು ಫ್ಯಾಟಿನ, ಅಂದರೆ ಹಾಲಿನಲ್ಲಿ ಕೊಬ್ಬು ಶೇಕಡ ಎಷ್ಟಿದೆ ಎಂಬುದರ ಸುದ್ದಿ. ‘‘ಎಂತ ಮಾರ್ರೆ, ಮೊನ್ನೆ ನಾಲ್ಕು ಇತ್ತು, ಇವತ್ತು ಮೂರೂವರೆಯೂ ಇಲ್ಲ?’’ ಎಂದು ಒಬ್ಬರು ಚೀಟಿ ನೋಡಿ ಕೇಳಿದರೆ ಸಾಕು, ಹಿಂದೆ ನಿಂತವರ ಹತ್ತಿರ ಸಲಹೆ ತಯಾರಿರುತ್ತದೆ: ‘‘ಹಿಂಡಿಗೆ ಒಂದು ಸೌಟು ತೆಂಗಿನೆಣ್ಣೆ ಬೆರೆಸಿ ಕೊಡಿ ಅಕ್ಕ, ಸರಿಯಾಗ್ತದೆ.’’ ಇದಕ್ಕೆ ಈಚೆಗೆ ಮೊಬೈಲಿನ ವಿಡಿಯೊಗಳ ಬಲವೂ ಸೇರಿದೆ. ಅಮೆರಿಕ, ಕೆನಡಾದ ದೊಡ್ಡ ದೊಡ್ಡ ದೊಡ್ಡಿಗಳಲ್ಲಿ ದನಗಳಿಗೆ ಅಗಸೆ, ಕನೋಲ (ಸಾಸಿವೆ ಜಾತಿಯದ್ದು), ಸೂರ್ಯಕಾಂತಿ ಬೀಜ ತಿನ್ನಿಸುತ್ತಾರೆ, ಮೇವಿಗೆ ಎಣ್ಣೆಯನ್ನೇ ಸಿಂಪಡಿಸುತ್ತಾರೆ, ನಾವೇಕೆ ಮಾಡಬಾರದು ಎಂಬ ಪ್ರಶ್ನೆ.

ಅವರು ಮಾಡುವುದು ಹೌದು. ಆದರೆ ಆ ದೊಡ್ಡಿಯ ಲೆಕ್ಕವನ್ನು ಉಡುಪಿಯ ಹಟ್ಟಿಗೆ ಹಾಗೇ ತಂದು ಸುರಿದರೆ ಫ್ಯಾಟ್ ಏರುವ ಬದಲು ಇಳಿಯುವ ಸಾಧ್ಯತೆಯೇ ಜಾಸ್ತಿ. ದನಕ್ಕೆ ಕೊಟ್ಟ ಎಣ್ಣೆ ಮೊದಲು ಯಾರ ಕೈಗೆ ಸಿಗುತ್ತದೆ ಎಂದು ನೋಡಿದರೆ ಇದರ ಕಾರಣ ತಿಳಿಯುತ್ತದೆ.

ಮನುಷ್ಯ ಎಣ್ಣೆ ತಿಂದರೆ ಅದು ನೇರವಾಗಿ ಅವನ ಜಠರಕ್ಕೆ, ಕರುಳಿಗೆ ಹೋಗುತ್ತದೆ. ದನದ್ದು ಹಾಗಲ್ಲ. ಅದರ ನಾಲ್ಕು ಕೋಣೆಯ ಹೊಟ್ಟೆಯಲ್ಲಿ ಮೊದಲ ಕೋಣೆ ರೂಮೆನ್. ಒಳ್ಳೆಯ ಮಿಶ್ರತಳಿ ದನದಲ್ಲಿ ಇದು ನೂರು ಲೀಟರ್ ಹಿಡಿಯುವ ಚೀಲ. ಅದರಲ್ಲಿ ದನದ್ದೇ ಆದ ಜೀರ್ಣರಸ ಒಂದು ಹನಿಯೂ ಇಲ್ಲ. ಇರುವುದು ಜೊಲ್ಲು, ನೀರು, ಅರ್ಧ ಜಗಿದ ಬೈಹುಲ್ಲು, ಮತ್ತು ಒಂದೊಂದು ಮಿಲಿಲೀಟರಿನಲ್ಲೂ ನೂರಾರು ಕೋಟಿ ಬ್ಯಾಕ್ಟೀರಿಯಾ. ಹುಲ್ಲಿನ ನಾರನ್ನು ಕರಗಿಸುವುದು ಇವೇ. ನಾರು ಕರಗಿದಾಗ ಅಸಿಟಿಕ್ ಆಮ್ಲದಂಥ ಸಣ್ಣ ಆಮ್ಲಗಳು ಹುಟ್ಟುತ್ತವೆ, ಅವು ರಕ್ತಕ್ಕೆ ಸೇರಿ ಕೆಚ್ಚಲಿಗೆ ಹೋಗುತ್ತವೆ. ಹಾಲಿನಲ್ಲಿರುವ ಕೊಬ್ಬಿನ ಹೆಚ್ಚುಕಡಿಮೆ ಅರ್ಧ ಭಾಗ ಕೆಚ್ಚಲಿನಲ್ಲಿ ಈ ಆಮ್ಲಗಳಿಂದಲೇ ಹೊಸದಾಗಿ ತಯಾರಾಗುವುದು. ಅಂದರೆ ಸೊಸೈಟಿಯ ಚೀಟಿಯಲ್ಲಿ ಕಾಣುವ ಫ್ಯಾಟಿನ ಅರ್ಧ ಹುಲ್ಲಿನದ್ದು. ಮಳೆಗಾಲದಲ್ಲಿ ತೋಟದ ಎಳೆ ಹುಲ್ಲು ಯಥೇಚ್ಛ ಸಿಕ್ಕಾಗ ಹಾಲು ಏರಿ ಫ್ಯಾಟ್ ಇಳಿಯುವುದಕ್ಕೂ ಇದೇ ಕಾರಣ, ಎಳೆ ಹುಲ್ಲಿನಲ್ಲಿ ನಾರು ಕಡಿಮೆ.

ಇಂಥ ಚೀಲಕ್ಕೆ ಎಣ್ಣೆ ಬಿದ್ದರೆ ಎರಡು ಸಂಗತಿ ನಡೆಯುತ್ತವೆ. ಎಣ್ಣೆ ಹುಲ್ಲಿನ ಎಳೆಗಳಿಗೆ ಮೆತ್ತಿಕೊಳ್ಳುತ್ತದೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲದ ಹಾಗೆ ಎಣ್ಣೆ ಮೆತ್ತಿದ ನಾರಿನ ಮೇಲೆ ಬ್ಯಾಕ್ಟೀರಿಯಾ ಕಾಲೂರಲಾರವು. ಇನ್ನೊಂದು, ಕಡಲೆ (ನೆಲಗಡಲೆ), ಸೋಯಾ, ಸೂರ್ಯಕಾಂತಿ, ಅಗಸೆಗಳಲ್ಲಿ ಹೇರಳವಾಗಿರುವ ಅಪರ್ಯಾಪ್ತ (ಹೈಡ್ರೋಜನ್ ಪೂರ್ತಿ ತುಂಬಿರದ) ಕೊಬ್ಬಿನಾಮ್ಲಗಳು ನಾರು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ವಿಷವಿದ್ದಂತೆ. ತಮ್ಮ ಜೀವ ಉಳಿಸಿಕೊಳ್ಳಲು ರೂಮೆನ್ನಿನ ಸೂಕ್ಷ್ಮಜೀವಿಗಳು ಅವಕ್ಕೆ ಹೈಡ್ರೋಜನ್ ಸೇರಿಸಿ ಗಟ್ಟಿ ಕೊಬ್ಬಾಗಿ ಮಾರ್ಪಡಿಸುತ್ತವೆ. ವನಸ್ಪತಿ ಕಾರ್ಖಾನೆಯಲ್ಲಿ ನಡೆಯುವ ಕೆಲಸವನ್ನೇ ಇವು ಯಂತ್ರವಿಲ್ಲದೆ ಮಾಡುತ್ತವೆ. ದನ ಎಷ್ಟೇ ದ್ರವ ಎಣ್ಣೆ ತಿಂದರೂ ಅದರ ಮೈಕೊಬ್ಬು, ಅದರ ಬೆಣ್ಣೆ ಗಟ್ಟಿಯಾಗಿಯೇ ಇರುವುದು ಇದರಿಂದ.

ತೊಂದರೆ ಬರುವುದು ಈ ಕೆಲಸ ಅರ್ಧಕ್ಕೆ ನಿಂತಾಗ. ಎಣ್ಣೆ ಜಾಸ್ತಿ, ನಾರು ಕಡಿಮೆ, ರೂಮೆನ್ ಹುಳಿಯಾಗಿದೆ ಎಂದಾದರೆ ಕೊಬ್ಬಿನಾಮ್ಲದ ಪರಿವರ್ತನೆ ಅಡ್ಡದಾರಿ ಹಿಡಿಯುತ್ತದೆ, ನಡುವೆ ಕೆಲವು ವಿಚಿತ್ರ ಕೊಬ್ಬಿನಾಮ್ಲಗಳು ಹುಟ್ಟಿ ರಕ್ತಕ್ಕೆ ಸೇರುತ್ತವೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡೇಲ್ ಬೌಮನ್ ಅವರ ತಂಡ 2000ದಲ್ಲಿ ಅಂಥದ್ದೊಂದು ಆಮ್ಲವನ್ನು ರೂಮೆನ್ ದಾಟಿಸಿ ನೇರವಾಗಿ ನಾಲ್ಕನೆಯ ಹೊಟ್ಟೆಗೆ ಹಾಕಿ ನೋಡಿತು. ದಿನಕ್ಕೆ ಬರೀ 10 ಗ್ರಾಂ. ನಾಲ್ಕು ದಿನದಲ್ಲಿ ಹಾಲಿನ ಕೊಬ್ಬು ಶೇ 40ಕ್ಕೂ ಹೆಚ್ಚು ಕುಸಿಯಿತು. ಆ ಆಮ್ಲ ಕೆಚ್ಚಲಿನಲ್ಲಿ ಕೊಬ್ಬು ತಯಾರಿಸುವ ವ್ಯವಸ್ಥೆಯನ್ನೇ ತಗ್ಗಿಸಿಬಿಡುತ್ತದೆ. ಫ್ಯಾಟ್ ಏರಲಿ ಎಂದು ಸೂರ್ಯಕಾಂತಿ ಎಣ್ಣೆ ಸುರಿದವರ ಚೀಟಿಯಲ್ಲಿ ಫ್ಯಾಟ್ ಇನ್ನಷ್ಟು ಇಳಿದರೆ ಸೊಸೈಟಿಯ ಯಂತ್ರವನ್ನು ಬೈದು ಪ್ರಯೋಜನವಿಲ್ಲ.

ಕೆನಡಾದ ದೊಡ್ಡಿಯಲ್ಲಿ ನಡೆಯುವುದು ಏಕೆ?

ಕೆನಡಾದ ಆಲ್ಬರ್ಟಾದಲ್ಲಿ ಲೆತ್‌ಬ್ರಿಜ್ ಸುತ್ತಮುತ್ತ, ಅಮೆರಿಕದ ನೆಬ್ರಾಸ್ಕ, ಕಾನ್ಸಾಸ್, ಟೆಕ್ಸಾಸ್‌ಗಳಲ್ಲಿ ಫೀಡ್‌ಲಾಟ್ ಎಂಬ ಬಯಲು ದೊಡ್ಡಿಗಳಿವೆ. ಒಂದೊಂದರಲ್ಲಿ ಸಾವಿರಗಟ್ಟಲೆ ಮಾಂಸದ ತಳಿಯ ಹೋರಿಗಳು. ಹುಲ್ಲುಗಾವಲಲ್ಲಿ ಬೆಳೆದವನ್ನು ತಂದು ಕೊನೆಯ ಕೆಲವು ತಿಂಗಳು ತೂಕ ಬರಿಸುವುದೊಂದೇ ಅಲ್ಲಿನ ಕೆಲಸ. ಆಲ್ಬರ್ಟಾದಲ್ಲಿ ಬಾರ್ಲಿ, ಅಮೆರಿಕದಲ್ಲಿ ಮೆಕ್ಕೆಜೋಳ ಅವುಗಳ ಮುಖ್ಯ ಆಹಾರ. ಕೊನೆಯ ಹಂತದಲ್ಲಿ ತಿನ್ನುವುದರ ಶೇ 85-90 ಧಾನ್ಯವೇ, ಹುಲ್ಲು ಹೆಸರಿಗಷ್ಟೆ.

ಅಂಥ ಕಡೆ ಎಣ್ಣೆಗೆ ಅರ್ಥವಿದೆ. ತೂಕಕ್ಕೆ ತೂಕ ನೋಡಿದರೆ ಎಣ್ಣೆಯಲ್ಲಿ ಪಿಷ್ಟದ ಎರಡೂಕಾಲು ಪಟ್ಟು ಶಕ್ತಿಯಿದೆ. ಧಾನ್ಯ ಹೆಚ್ಚಿಸುತ್ತ ಹೋದರೆ ರೂಮೆನ್ ಹುಳಿಯಾಗಿ ದನ ಮೇವು ಬಿಡುತ್ತದೆ. ಅದೇ ಶಕ್ತಿಯನ್ನು ಒಂದಿಷ್ಟು ಎಣ್ಣೆಯಿಂದ ಕೊಟ್ಟರೆ ಆ ಭಯ ಕಡಿಮೆ. ಪುಡಿ ಮಾಡಿದ ಧಾನ್ಯದ ಧೂಳೂ ಅಡಗುತ್ತದೆ. ನಾರು ಕರಗಿಸುವ ಬ್ಯಾಕ್ಟೀರಿಯಾಗಳಿಗೆ ಪೆಟ್ಟು ಬೀಳುವುದೇನೋ ಅಲ್ಲಿಯೂ ನಿಜ. ಆದರೆ ಕರಗಿಸಬೇಕಾದ ನಾರೇ ಅಲ್ಲಿ ಅಷ್ಟಿಲ್ಲ, ಹಾಗಾಗಿ ನಷ್ಟವೂ ದೊಡ್ಡದಲ್ಲ. ಕರೆಯುವ ಹಾಲೂ ಇಲ್ಲ, ಫ್ಯಾಟ್ ಅಳೆಯುವವರೂ ಇಲ್ಲ.

ಅಷ್ಟಿದ್ದೂ ಅವರು ಕೈ ಬಿಗಿ ಹಿಡಿಯುತ್ತಾರೆ. ಮೇವಿನ ಒಣ ತೂಕದಲ್ಲಿ ಎಲ್ಲ ಮೂಲಗಳ ಕೊಬ್ಬು ಸೇರಿ ಶೇ 6-7 ದಾಟಬಾರದು ಎಂಬುದು ಅಲ್ಲಿಯ ರೂಢಿ. ಮೆಕ್ಕೆಜೋಳದಲ್ಲೇ ಶೇ 4ರ ಹತ್ತಿರ ಎಣ್ಣೆಯಿದೆ. ಎಥೆನಾಲ್ ಕಾರ್ಖಾನೆಯಿಂದ ಬರುವ ಮೆಕ್ಕೆಜೋಳದ ಚರಟದಲ್ಲಿ ಇನ್ನೂ ಹೆಚ್ಚು. ಇವೆರಡನ್ನೂ ತಿನ್ನಿಸುವ ಕಡೆ ಬೇರೆ ಎಣ್ಣೆ ಹಾಕಲು ಜಾಗವೇ ಉಳಿದಿರುವುದಿಲ್ಲ. ಬಾರ್ಲಿಯಲ್ಲಿ ಶೇ 2 ಮಾತ್ರ, ಆದ್ದರಿಂದ ಕೆನಡಾದವರಿಗೆ ಅಗಸೆ, ಕನೋಲಗಳ ಬಗ್ಗೆ ಆಸಕ್ತಿ ಜಾಸ್ತಿ. ಅಗಸೆ ಕೊಡುವುದಕ್ಕೆ ಇನ್ನೊಂದು ಕಾರಣ ಮಾಂಸದಲ್ಲಿ ಒಮೇಗಾ-3 ಹೆಚ್ಚಿಸುವುದು. ಅಗಸೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಆ ಜಾತಿಯ ಕೊಬ್ಬಿನಾಮ್ಲವೇ. ಆದರೂ ಅದರ ಬಹುಪಾಲನ್ನು ರೂಮೆನ್ ಗಟ್ಟಿ ಕೊಬ್ಬಾಗಿ ಬದಲಿಸಿಬಿಡುವುದರಿಂದ ಮಾಂಸಕ್ಕೆ ತಲಪುವುದು ಚೂರೇ ಚೂರು.

ನಮ್ಮ ಕರಾವಳಿಯ ಹಟ್ಟಿಯಲ್ಲಿ ಇದರ ತಲೆಕೆಳಗು. ಇಲ್ಲಿ ಬುಡವೇ ಬೈಹುಲ್ಲು, ತೋಟದ ಹುಲ್ಲು, ನೇಪಿಯರ್. ದನ ನಡೆಯುವುದೇ ನಾರು ಕರಗಿಸುವ ಬ್ಯಾಕ್ಟೀರಿಯಾಗಳ ದುಡಿಮೆಯ ಮೇಲೆ. ಅಲ್ಲಿಯ ದನ ತಡೆದುಕೊಂಡ ಎಣ್ಣೆಯನ್ನು ಇಲ್ಲಿಯ ದನ ತಡೆದುಕೊಳ್ಳಲಾರದು.

ಒಂದು ದನದ ಲೆಕ್ಕ

400 ಕೆಜಿ ತೂಗುವ, ಹತ್ತು ಹನ್ನೆರಡು ಲೀಟರ್ ಹಾಲು ಕೊಡುವ ಮಿಶ್ರತಳಿ ದನವೊಂದನ್ನು ಇಟ್ಟುಕೊಳ್ಳೋಣ. ನೀರಿನಂಶ ಕಳೆದು ನೋಡಿದರೆ ದಿನಕ್ಕೆ ಅದು ತಿನ್ನುವುದು ಸುಮಾರು 12 ಕೆಜಿ. ಅದರಲ್ಲಿ 7 ಕೆಜಿ ಹುಲ್ಲು, 4 ಕೆಜಿ ಚೀಲದ ಪಶು ಆಹಾರ, 1 ಕೆಜಿ ತೆಂಗಿನ ಹಿಂಡಿ ಎನ್ನಿ. ಹುಲ್ಲಿನಲ್ಲಿ ಕೊಬ್ಬು ಶೇ 2 ಎಂದು ಹಿಡಿದರೆ 140 ಗ್ರಾಂ. ಪಶು ಆಹಾರದಲ್ಲಿ ಶೇ 3 ಎಂದರೆ 120 ಗ್ರಾಂ (ನಿಮ್ಮ ಚೀಲದ ಮೇಲೆಯೇ ಅಚ್ಚಾಗಿರುತ್ತದೆ, ಓದಿ ನೋಡಿ). ಎಕ್ಸ್‌ಪೆಲ್ಲರ್ ಎಂಬ ಒತ್ತುಯಂತ್ರದಲ್ಲಿ ಹಿಂಡಿದ ತೆಂಗಿನ ಹಿಂಡಿಯಲ್ಲಿ ಶೇ 10 ಎಣ್ಣೆ ಉಳಿದಿದ್ದರೆ 100 ಗ್ರಾಂ. ಒಟ್ಟು 360 ಗ್ರಾಂ, ಅಂದರೆ ಶೇ 3.

ಹುಲ್ಲು ತಿನ್ನುವ ಹಾಲಿನ ದನಕ್ಕೆ ಒಟ್ಟು ಶೇ 5ರೊಳಗೆ ನಿಲ್ಲಿಸುವುದು ಕ್ಷೇಮ. ಉಳಿದಿರುವ ಜಾಗ 240 ಗ್ರಾಂ. ದಿನಕ್ಕೆ 200 ಗ್ರಾಂ ಎಣ್ಣೆ ಸುರಿದರೆ ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ ಮುಗಿಯಿತು. ಬದಲಾಗಿ ಸಿಗುವುದು ಅರ್ಧ ಕೆಜಿಗಿಂತ ಕಡಿಮೆ ಪಿಷ್ಟದಿಂದ ಸಿಗುವಷ್ಟು ಶಕ್ತಿ. ಈಗಿನ ತೆಂಗಿನೆಣ್ಣೆಯ ದರದಲ್ಲಿ ಅದನ್ನು ಯಾವ ಬುದ್ಧಿವಂತ ಸುರಿಯುತ್ತಾನೋ ಗೊತ್ತಿಲ್ಲ. ಅದೇ ಸೌಟನ್ನು ಮಲೆನಾಡು ಗಿಡ್ಡಕ್ಕೆ ಕೊಟ್ಟರೆ? ನೂರಿಪ್ಪತ್ತು ಕೆಜಿ ತೂಗುವ ಗಿಡ್ಡ ದಿನಕ್ಕೆ ತಿನ್ನುವ ಒಣ ತೂಕವೇ ಮೂರು ಮೂರೂವರೆ ಕೆಜಿ. 200 ಗ್ರಾಂ ಎಂದರೆ ಶೇ 6. ಎರಡೇ ದಿನದಲ್ಲಿ ಸೆಗಣಿ ತೆಳ್ಳಗಾಗಿ ಮೆಲುಕು ನಿಂತೀತು. ಗಿಡ್ಡದ ಹಾಲಿನಲ್ಲಿ ಮೊದಲೇ ಕೊಬ್ಬು ಜಾಸ್ತಿ, ಅದಕ್ಕೆ ಈ ಉಪಚಾರ ಬೇಕಾಗಿಯೂ ಇಲ್ಲ.

ಎಣ್ಣೆ ಯಾವ ರೂಪದಲ್ಲಿ ಹೋಗುತ್ತದೆ ಎಂಬುದು ಪ್ರಮಾಣದಷ್ಟೇ ಮುಖ್ಯ. ಕ್ಯಾನಿನಿಂದ ಸುರಿದ ಎಣ್ಣೆ ಒಂದೇ ಸಲ ರೂಮೆನ್ನಿನಲ್ಲಿ ಹರಡುತ್ತದೆ. ಬೀಜದೊಳಗಿನ ಎಣ್ಣೆ ಮೆಲುಕು ಹಾಕಿದಂತೆಲ್ಲ ನಿಧಾನಕ್ಕೆ ಹೊರಬರುತ್ತದೆ, ಬ್ಯಾಕ್ಟೀರಿಯಾಗಳಿಗೆ ಸುಧಾರಿಸಿಕೊಳ್ಳಲು ಹೊತ್ತು ಸಿಗುತ್ತದೆ. ಬಯಲುಸೀಮೆಯಿಂದ ಬರುವ ಹತ್ತಿಕಾಳು ಈ ವಿಷಯದಲ್ಲಿ ಉತ್ತಮ. ಅದರಲ್ಲಿ ಶೇ 20ರ ಹತ್ತಿರ ಎಣ್ಣೆ, ಅದಕ್ಕಿಂತ ತುಸು ಹೆಚ್ಚು ಪ್ರೋಟೀನ್, ಜೊತೆಗೆ ಅಂಟಿಕೊಂಡ ಅರಳೆಯ ನಾರು. ಅದರಲ್ಲಿರುವ ಗಾಸಿಪಾಲ್ ಎಂಬ ವಿಷವನ್ನು ದೊಡ್ಡ ದನದ ರೂಮೆನ್ ಹದವಾದ ಪ್ರಮಾಣದಲ್ಲಿ ಸಂಭಾಳಿಸುತ್ತದೆ, ಕರುವಿನದ್ದು ಸಂಭಾಳಿಸದು. ಆದ್ದರಿಂದ ಕರುಗಳಿಗೆ ಹತ್ತಿಕಾಳು ಬೇಡವೇ ಬೇಡ. ಅಗಸೆಯನ್ನು ಇಡಿಯಾಗಿ ಕೊಟ್ಟರೆ ಹೆಚ್ಚಿನ ಕಾಳು ಸೆಗಣಿಯಲ್ಲಿ ಹಾಗೇ ಮಿಂಚುತ್ತ ಬೀಳುತ್ತದೆ, ತುಸು ಒಡೆದು ಕೊಡಬೇಕು.

ತೆಂಗಿನ ಹಿಂಡಿಯದ್ದು ಮಾತ್ರ ಬೇರೆ ಕಥೆ. ತೆಂಗಿನೆಣ್ಣೆಯಲ್ಲಿ ಅಪರ್ಯಾಪ್ತ ಕೊಬ್ಬು ಅತಿ ಕಡಿಮೆ. ಅರ್ಧದಷ್ಟು ಲಾರಿಕ್ ಆಮ್ಲ, ಐದರಲ್ಲೊಂದು ಪಾಲಿನ ಹತ್ತಿರ ಮಿರಿಸ್ಟಿಕ್ ಆಮ್ಲ, ಎರಡೂ ಮೊದಲೇ ಪರ್ಯಾಪ್ತ. ರೂಮೆನ್ನಿನಲ್ಲಿ ಅಡ್ಡದಾರಿ ಹಿಡಿದು ಕೆಚ್ಚಲಿಗೆ ಕಾಟ ಕೊಡುವ ಆಮ್ಲ ಇದರಿಂದ ಹುಟ್ಟುವುದು ಅಷ್ಟರಲ್ಲೇ ಇದೆ. ತೆಂಗಿನ ಹಿಂಡಿ ಹಿತಮಿತವಾಗಿ ತಿಂದ ದನದ ಹಾಲಿನಲ್ಲಿ ಕೊಬ್ಬು ತುಸು ಏರುವುದು, ಬೆಣ್ಣೆ ಗಟ್ಟಿ ಬರುವುದು ಪಶು ಆಹಾರದ ಪಠ್ಯಗಳಲ್ಲೂ ದಾಖಲಾಗಿದೆ. ‘‘ತೆಂಗಿನ ಹಿಂಡಿ ಹಾಕಿದ್ರೆ ಬೆಣ್ಣೆ ಗಟ್ಟಿ’’ ಎನ್ನುವ ಹಟ್ಟಿಯ ಹಿರಿಯರ ಮಾತು ಇಲ್ಲಿ ಸರಿ. ಸೊಸೈಟಿ ಜಗಲಿಯ ಸಲಹೆಯಲ್ಲಿ ಇರುವ ಸತ್ಯವೂ ಇಷ್ಟೇ, ಹಿಂಡಿಯಾದರೆ ಹೌದು, ಸೌಟಿನಲ್ಲಿ ಎಣ್ಣೆಯಾದರೆ ಅಲ್ಲ. ಆದರೆ ಇದರಲ್ಲಿ ಪ್ರೋಟೀನ್ ಶೇ 20ರ ಆಸುಪಾಸು ಮಾತ್ರ, ಕಡಲೆ ಹಿಂಡಿಯಲ್ಲಿ ಅದರ ಎರಡು ಪಟ್ಟು. ಹಾಲು ಜಾಸ್ತಿ ಕೊಡುವ ದನಕ್ಕೆ ಇದೊಂದನ್ನೇ ನಂಬಿ ಕೂರುವಂತಿಲ್ಲ. ಗಾಣದ ಹಿಂಡಿಯೋ, ಎಕ್ಸ್‌ಪೆಲ್ಲರ್‌ನದ್ದೋ, ಸಾಲ್ವೆಂಟ್ ಹಾಕಿ ಎಣ್ಣೆ ಪೂರ್ತಿ ಹೀರಿದ್ದೋ ಎಂದು ಅಂಗಡಿಯಲ್ಲಿ ಕೇಳಿಯೇ ತರಬೇಕು. ಮೂರರಲ್ಲಿ ಉಳಿದಿರುವ ಎಣ್ಣೆ ಬೇರೆ ಬೇರೆ.

ಕುಚ್ಚಲಕ್ಕಿಯ ತೌಡನ್ನು ನಾವು ಸಾಕಷ್ಟು ಮೆಚ್ಚಿಕೊಂಡಿಲ್ಲ ಎಂದು ನನ್ನ ಅನಿಸಿಕೆ. ಬೆಳ್ತಿಗೆ ಅಕ್ಕಿಯ ತೌಡು ಮಿಲ್ಲಿನಿಂದ ಹೊರಬಂದ ಕ್ಷಣದಿಂದ ಅದರೊಳಗಿನ ಕಿಣ್ವವೊಂದು ಎಣ್ಣೆಯನ್ನು ಒಡೆಯತೊಡಗುತ್ತದೆ, ಕೆಲವೇ ದಿನದಲ್ಲಿ ಕಮಟು ವಾಸನೆ. ಭತ್ತ ಬೇಯಿಸುವಾಗ ಆ ಕಿಣ್ವ ಸಾಯುತ್ತದೆ. ಕುಚ್ಚಲಕ್ಕಿ ತೌಡಿನಲ್ಲಿ ಎಣ್ಣೆಯೂ ಹೆಚ್ಚು, ಬಾಳಿಕೆಯೂ ಹೆಚ್ಚು. ಕಾರ್ಕಳದ ಕಡೆಯ ಮಿಲ್ಲಿನಿಂದ ಒಳ್ಳೆಯ ತೌಡು ತಂದು ಅಕ್ಕಚ್ಚಿಗೆ ಹಾಕುವ ಮನೆಯವರು ಗೊತ್ತಿಲ್ಲದೆಯೇ ದನಕ್ಕೆ ಎಣ್ಣೆ ಕೊಡುತ್ತಿದ್ದಾರೆ. ಮೇಲಿನ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಬೇಕು. ‘ಎಣ್ಣೆ ತೆಗೆದ ತೌಡು’ ಎಂದು ಮಾರುವುದರಲ್ಲಿ ಮಾತ್ರ ಎಣ್ಣೆ ಇರದು.

ಇನ್ನು ಬೈಪಾಸ್ ಫ್ಯಾಟ್. ಕೊಬ್ಬಿನಾಮ್ಲವನ್ನು ಕ್ಯಾಲ್ಸಿಯಂ ಜೊತೆ ಕೂಡಿಸಿ ಒಂದು ಬಗೆಯ ಸಾಬೂನು ಮಾಡಿರುತ್ತಾರೆ. ಹೆಚ್ಚಾಗಿ ತಾಳೆ ಎಣ್ಣೆಯದ್ದು. ರೂಮೆನ್ ತೀರಾ ಹುಳಿಯಾಗಿರದಿದ್ದರೆ ಅದು ಅಲ್ಲಿ ಕರಗುವುದಿಲ್ಲ, ಹಾಗಾಗಿ ಬ್ಯಾಕ್ಟೀರಿಯಾಗಳಿಗೆ ತೊಂದರೆಯಿಲ್ಲ. ನಾಲ್ಕನೆಯ ಹೊಟ್ಟೆಯ ತೀವ್ರ ಹುಳಿಯಲ್ಲಿ ಒಡೆದು ಕರುಳಿನಲ್ಲಿ ಜೀರ್ಣವಾಗುತ್ತದೆ. ಕರು ಹಾಕಿದ ಮೊದಲ ಎರಡು ಮೂರು ತಿಂಗಳು ಹಾಲು ಏರುತ್ತಿರುತ್ತದೆ, ಮೇವು ತಿನ್ನುವ ಶಕ್ತಿ ಇನ್ನೂ ಬಂದಿರುವುದಿಲ್ಲ, ದನ ತನ್ನ ಮೈಯನ್ನೇ ಕರಗಿಸಿ ಹಾಲು ಕೊಡುತ್ತದೆ. ಬೆನ್ನೆಲುಬು ಕಾಣತೊಡಗುವ ಆ ಹೊತ್ತಿನಲ್ಲಿ ದಿನಕ್ಕೆ 100ರಿಂದ 200 ಗ್ರಾಂ ಬೈಪಾಸ್ ಫ್ಯಾಟ್ ಕೆಲಸಕ್ಕೆ ಬರುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಸೆಖೆಗೂ ಇದು ಹೊಂದುತ್ತದೆ. ಹುಲ್ಲು ಕರಗುವಾಗ ಹೊಟ್ಟೆಯೊಳಗೆ ಹುಟ್ಟುವಷ್ಟು ಬಿಸಿ ಕೊಬ್ಬು ಜೀರ್ಣವಾಗುವಾಗ ಹುಟ್ಟುವುದಿಲ್ಲ. ಏದುಸಿರು ಬಿಡುತ್ತ ಮೇವು ಬಿಟ್ಟ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ದನಕ್ಕೆ ಇದೊಂದು ಆಧಾರ. ನಾಲ್ಕು ಲೀಟರ್ ಕೊಡುವ, ಹಾಲು ಬತ್ತುತ್ತಿರುವ ದನಕ್ಕೆ ಕೊಟ್ಟರೆ ದುಡ್ಡು ದಂಡ.

ಹೋಟೆಲಿನಲ್ಲಿ ಗೋಳಿಬಜೆ ಕರಿದು ಉಳಿದ ಎಣ್ಣೆಯನ್ನು ಹಟ್ಟಿಗೆ ತರುವುದಂತೂ ಬೇಡ. ಅಮೆರಿಕದಲ್ಲಿ ಅಂಥ ಎಣ್ಣೆಯನ್ನು ಶುದ್ಧ ಮಾಡಿ ಪರೀಕ್ಷಿಸಿ ಪಶು ಆಹಾರಕ್ಕೆ ಬಳಸುವುದುಂಟು. ಇಲ್ಲಿ ಸಿಗುವುದು ಎಷ್ಟು ಸಲ ಕಾದಿದ್ದೋ ಹೇಳುವವರಿಲ್ಲ. ಕಾದು ಕೆಟ್ಟ ಎಣ್ಣೆಯನ್ನು ಬಯೋಡೀಸೆಲ್‌ಗೆ ಕಳಿಸಲು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ವ್ಯವಸ್ಥೆ ಮಾಡಿದೆ. ಮೀನೆಣ್ಣೆಯೂ ಬೇಡ. ಮಲ್ಪೆ, ಉಳ್ಳಾಲದ ಕಡೆ ಅದು ಸುಲಭವಾಗಿ ಸಿಗುತ್ತದೆಂದು ಆಸೆಪಡುವವರಿದ್ದಾರೆ. ಹಾಲಿನ ಫ್ಯಾಟ್ ಇಳಿಸುವುದರಲ್ಲಿ ಅದು ಎಲ್ಲ ಎಣ್ಣೆಗಳಿಗಿಂತ ಮುಂದು. ಹೊಟ್ಟೆ ಉಬ್ಬರಿಸಿದ ದನಕ್ಕೆ ಕಡಲೆ ಎಣ್ಣೆ ಕುಡಿಸುವ ಪದ್ಧತಿ ಬೇರೆ ವಿಷಯ. ನೊರೆ ತುಂಬಿದ ಉಬ್ಬರದಲ್ಲಿ ಎಣ್ಣೆ ನೊರೆಯನ್ನು ಒಡೆಯುತ್ತದೆ, ಅದು ಒಂದು ಹೊತ್ತಿನ ಔಷಧ.

ತೇಗಿನಲ್ಲಿ ಹೋಗುವ ಶಕ್ತಿ

ಎಣ್ಣೆ ಬೀಜದ ಬಗ್ಗೆ ಲೆತ್‌ಬ್ರಿಜ್‌ನ ಸಂಶೋಧನಾ ಕೇಂದ್ರದಂಥ ಕಡೆ ಇಷ್ಟೊಂದು ಕೆಲಸ ನಡೆದಿರುವುದಕ್ಕೆ ಭೂಮಿಯ ಬಿಸಿ ಏರಿಸುವ ಮೀಥೇನ್ ಅನಿಲ ಒಂದು ದೊಡ್ಡ ಕಾರಣ. ರೂಮೆನ್ನಿನಲ್ಲಿ ಹುಟ್ಟುವ ಹೈಡ್ರೋಜನ್ನನ್ನು ಕೆಲವು ಸೂಕ್ಷ್ಮಜೀವಿಗಳು ಇಂಗಾಲದ ಡೈಆಕ್ಸೈಡ್ ಜೊತೆ ಸೇರಿಸಿ ಮೀಥೇನ್ ಮಾಡುತ್ತವೆ, ದನ ಅದನ್ನು ತೇಗಿ ಹೊರಬಿಡುತ್ತದೆ. ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ 2006ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಧಾನ್ಯ ತಿನ್ನುವ ಫೀಡ್‌ಲಾಟ್ ದನ ತಿಂದ ಶಕ್ತಿಯಲ್ಲಿ ಶೇ 3 ಹೀಗೆ ಕಳೆದುಕೊಂಡರೆ, ಉಳಿದ ದನಗಳು ಶೇ 6.5 ಕಳೆದುಕೊಳ್ಳುತ್ತವೆ. ಮೇವಿನ ಒಣ ತೂಕದ ಶೇ 1ರಷ್ಟು ಕೊಬ್ಬು ಹೆಚ್ಚಾದರೆ ಮೀಥೇನ್ ಶೇ 3ರಿಂದ 5ರಷ್ಟು ಇಳಿಯುತ್ತದೆ ಎಂಬುದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದಾಗ ಸಿಗುವ ಸರಾಸರಿ.

ತೆಂಗಿನೆಣ್ಣೆ ಇದರಲ್ಲಿ ಬಲು ಚುರುಕು. ಲಾರಿಕ್ ಆಮ್ಲ ಮೀಥೇನ್ ಮಾಡುವ ಜೀವಿಗಳನ್ನೂ ಅವುಗಳ ಜೊತೆಗಾರ ಪ್ರೊಟೊಜೋವಾ ಎಂಬ ಏಕಕೋಶ ಜೀವಿಗಳನ್ನೂ ಹೊಡೆದು ಹಾಕುತ್ತದೆ. ಐರ್ಲೆಂಡಿನಲ್ಲಿ ಮಾಂಸದ ತಳಿಯ ಪಡ್ಡೆಗಳಿಗೆ ತೆಂಗಿನೆಣ್ಣೆ ಕೊಟ್ಟು ನೋಡಿದಾಗ ಮೀಥೇನ್ ಚೆನ್ನಾಗಿಯೇ ಇಳಿಯಿತು, ಎಣ್ಣೆ ಏರಿಸಿದಾಗ ಮೇವು ತಿನ್ನುವುದೂ ಇಳಿಯಿತು. ತಿನ್ನುವುದು ಬಿಟ್ಟರೆ ತೇಗು ಹೇಗೂ ಕಡಿಮೆಯಾಗುತ್ತದಲ್ಲ. ಮೀಥೇನಿನ ಅಂಕಿ ಹೇಳುವ ವಿಡಿಯೊ ಕಂಡರೆ ದನ ಎಷ್ಟು ತಿಂದಿತು ಎಂದೂ ಹೇಳಿದ್ದಾರೆಯೇ ಎಂದು ನೋಡಿ.

ಮಂಗಳೂರಿನವರ ಕುತೂಹಲಕ್ಕೆ ಇನ್ನೊಂದು: ಗೇರುಬೀಜದ ಸಿಪ್ಪೆ ಎಣ್ಣೆ. ಕೈಗೆ ತಾಗಿದರೆ ಚರ್ಮ ಸುಡುವ ಈ ಕಪ್ಪು ಎಣ್ಣೆ ಮೀಥೇನ್ ಇಳಿಸುತ್ತದೆಂದು ಜಪಾನಿನ ಸಂಶೋಧಕರು ತೋರಿಸಿದ್ದಾರೆ. ಅದರಲ್ಲಿ ಕೆಲಸ ಮಾಡುವುದು ಅನಕಾರ್ಡಿಕ್ ಆಮ್ಲ. ಎಣ್ಣೆ ಕಾಯಿಸಿದರೆ ಅದು ಬೇರೆ ವಸ್ತುವಾಗಿ ಪರಿಣಾಮ ತಗ್ಗುತ್ತದೆ. ಅವರು ಬಳಸಿದ್ದು ಅಳೆದು ಸಿದ್ಧಪಡಿಸಿದ ಅಲ್ಪ ಪ್ರಮಾಣ. ಗೇರು ಕಾರ್ಖಾನೆಯ ಡ್ರಮ್ಮಿನಿಂದ ತಂದು ಮನೆಯ ದನದ ಮೇಲೆ ಯಾರೂ ಪರೀಕ್ಷೆ ಮಾಡಬಾರದು.

ಮಳೆಗಾಲದ ಹಿಂಡಿ

ಎಣ್ಣೆಯ ವಿಷಯ ಇಷ್ಟು ಹೇಳಿ ಬೂಷ್ಟಿನ ವಿಷಯ ಬಿಟ್ಟರೆ ಕರಾವಳಿಯವರಿಗೆ ಅರ್ಧ ಹೇಳಿದ ಹಾಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಗಾಳಿಯೇ ಒದ್ದೆ. ತೆಂಗಿನ ಹಿಂಡಿ, ಕಡಲೆ ಹಿಂಡಿ ಎರಡೂ ತೇವ ಎಳೆದುಕೊಳ್ಳುತ್ತವೆ. ತುಂಡು ಮುರಿದಾಗ ಒಳಗೆ ಹಸಿರು ಹಳದಿ ಪುಡಿ ಕಂಡರೆ ಅಫ್ಲಾಟಾಕ್ಸಿನ್ ಎಂಬ ವಿಷ ಇರುವ ಸಂಭವ ಹೆಚ್ಚು. ದನ ತಿಂದದ್ದರಲ್ಲಿ ಒಂದು ಪಾಲು ರೂಪ ಬದಲಿಸಿ ಹಾಲಿಗೇ ಬರುತ್ತದೆ. ಒಂದು ಕೆಜಿ ಹಾಲಿನಲ್ಲಿ ಅದು 0.5 ಮೈಕ್ರೋಗ್ರಾಂ ಮೀರಬಾರದು ಎಂದು ನಮ್ಮ ಕಾನೂನು. ಕಾಯಿಸಿದರೆ ಹೋಗುವುದಿಲ್ಲ.

ಮಳೆಗಾಲದಲ್ಲಿ ಹದಿನೈದು ದಿನಕ್ಕೆ ಬೇಕಾದಷ್ಟನ್ನೇ ತನ್ನಿ. ಚೀಲವನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಹೊಸ ಹಿಂಡಿಯನ್ನೋ ಹತ್ತಿಕಾಳನ್ನೋ ಶುರು ಮಾಡುವುದಾದರೆ ಮೊದಲ ವಾರ ಒಂದೊಂದು ಹಿಡಿ, ಎರಡು ಮೂರು ವಾರದಲ್ಲಿ ಪೂರ್ತಿ ಪ್ರಮಾಣ. ಬ್ಯಾಕ್ಟೀರಿಯಾಗಳು ಒಗ್ಗಿಕೊಳ್ಳಲು ಅಷ್ಟು ಹೊತ್ತು ಬೇಕು. ಆ ದಿನಗಳಲ್ಲಿ ಸೆಗಣಿ ಹೊಳೆಯುತ್ತಿದೆಯಾ, ಮಲಗಿದ ದನ ಮೆಲುಕು ಹಾಕುತ್ತಿದೆಯಾ, ಗೋದಲಿಯಲ್ಲಿ ಬೈಹುಲ್ಲು ಉಳಿಯುತ್ತಿದೆಯಾ ನೋಡಿ. ಬೈಹುಲ್ಲು ಉಳಿಯತೊಡಗಿದರೆ ಚೀಟಿಯಲ್ಲಿ ಫ್ಯಾಟ್ ಇಳಿಯುವ ತನಕ ಕಾಯುವುದು ಬೇಡ, ಅಂದೇ ಹಿಂಡಿ ಕಡಿಮೆ ಮಾಡಿ. ಬೂಷ್ಟು ಹಿಡಿದ ಹಿಂಡಿಯನ್ನು ಬಿಸಿಲಿಗೆ ಹಾಕಿ ಕೊಡವಿದರೆ ಬೂಷ್ಟು ಕಣ್ಣಿಗೆ ಕಾಣದಂತಾಗುತ್ತದೆ, ವಿಷ ಅಲ್ಲೇ ಇರುತ್ತದೆ. ಅಂಥದ್ದನ್ನು ತೆಂಗಿನ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ.